ಸ್ಲ್ಯಾಬ್ ಹಾಕುವ ಮೊದಲು ಯಾರನ್ನು ಕರೆಯಬೇಕು?

ನಮ್ಮ ಕಾಲೇಜಿನ ಹೊಸ ಬ್ಲಾಕಿನ ನಕ್ಷೆಯನ್ನು ಆಫೀಸಿನ ಹೊರಗಿನ ನೋಟಿಸ್ ಬೋರ್ಡಿಗೆ ಹಾಕಿ ಮೂರು ವಾರವಾಯಿತು. ಕೆಳಗೆ ಕಂಪ್ಯೂಟರ್ ಲ್ಯಾಬ್ ಮತ್ತು ಲೈಬ್ರರಿ, ಮೇಲೆ ನಾಲ್ಕು ತರಗತಿ ಮತ್ತು ಒಂದು ಸಭಾಂಗಣ. ಬಾಗಿಲು, ಕಿಟಕಿ, ಮೆಟ್ಟಿಲು, ವುಜೂ ಮಾಡುವ ಜಾಗ ಎಲ್ಲವನ್ನೂ ಚೆನ್ನಾಗಿ ಬರೆದಿದ್ದಾರೆ. ನಾನು ಹುಡುಕಿದ್ದು ಬೇರೆ. ಇಂಟರ್ನೆಟ್ ವೈರು ಯಾವ ಕಡೆಯಿಂದ ಒಳಗೆ ಬರುತ್ತದೆ, ಯುಪಿಎಸ್ ಎಲ್ಲಿ ಇಡುತ್ತಾರೆ, ಪ್ರೊಜೆಕ್ಟರ್ ಯಾವ ಗೋಡೆಗೆ ಬೆಳಕು ಬಿಡುತ್ತದೆ, ಸಭಾಂಗಣದಲ್ಲಿ ಕೊನೆಯ ಸಾಲಿನವರಿಗೆ ಮಾತು ಕೇಳುತ್ತದೆಯೇ? ಇದ್ಯಾವುದೂ ಅದರಲ್ಲಿ ಇರಲಿಲ್ಲ. ಪ್ರಿನ್ಸಿಪಾಲ್ ಸರ್ ಅವರನ್ನು ಕೇಳಿದೆ. "ಇದು ಮೊದಲ ನಕ್ಷೆ, ಇನ್ನೂ ಬದಲಾಯಿಸಬಹುದು. ನಿನಗೆ ಅನ್ನಿಸಿದ್ದನ್ನು ಬರೆದು ಕೊಡು, ಪತ್ರಿಕೆಯಲ್ಲಿ ಹಾಕೋಣ, ಕಮಿಟಿಯವರೂ ಓದಲಿ" ಎಂದರು. ಅದಕ್ಕೇ ಈ ಲೇಖನ.

ನಾನು ಕಾಮರ್ಸ್ ವಿದ್ಯಾರ್ಥಿ, ಎಂಜಿನಿಯರ್ ಅಲ್ಲ. ಆದರೆ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ನಡೆಯುವ ಮಾತೆಲ್ಲ ಸಿಮೆಂಟು, ಕಬ್ಬಿಣ, ಮರಳಿನದೇ. ಅಬ್ಬಾ ಗಾರೆ ಮೇಸ್ತ್ರಿ. ಬಿಸಿಲೆ, ಹೆತ್ತೂರು ಕಡೆಯ ತೋಟದ ಮನೆಗಳು, ಈಗೀಗ ಹೋಂಸ್ಟೇಗಳು ಅವರ ಕೆಲಸ. ಮಾಮು ಎಲೆಕ್ಟ್ರಿಷಿಯನ್. ಅಬ್ಬಾ ಕಟ್ಟಿದ ಗೋಡೆಯನ್ನು ಮಾಮು ಕೊರೆಯುತ್ತಾರೆ, ಆಮೇಲೆ ಅಬ್ಬಾ ಅದನ್ನು ಮತ್ತೆ ಮುಚ್ಚುತ್ತಾರೆ. ಇಬ್ಬರಿಗೂ ಕೂಲಿ ಸಿಗುತ್ತದೆ ನಿಜ, ಆದರೆ ಇಬ್ಬರಿಗೂ ಸಮಾಧಾನವಿಲ್ಲ. ಇದಕ್ಕೆಲ್ಲ ಕಾರಣ ಒಂದೇ ಮಾತು ಎಂದು ಮಾಮು ಹೇಳುತ್ತಾರೆ: "ಬಾದ್ ಮೇಂ ದೇಖೇಂಗೆ." ಕನ್ನಡದಲ್ಲಿ "ಆಮೇಲೆ ನೋಡೋಣ." ಭಾಷೆ ಯಾವುದಾದರೂ ಕಟ್ಟಡ ಕಟ್ಟಿಸುವವರೆಲ್ಲ ಹೇಳುವ ಮಾತು ಇದೇ.

ಬಿಸಿಲೆ ಹತ್ತಿರ ಒಂದು ಹೋಂಸ್ಟೇ ಕೆಲಸ ಹೀಗೇ ಆಯಿತು. ಅಲ್ಲಿ ಕಾಡಿನ ಅಂಚಿನಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬಂದರೆ ದೊಡ್ಡದು. ಬಣ್ಣ ಹೊಡೆದು, ನೆಲಕ್ಕೆ ಟೈಲ್ಸ್ ಹಾಕಿ ಮುಗಿದ ಮೇಲೆ ಮಾಲೀಕರಿಗೆ ನೆನಪಾಯಿತು: ಬರುವ ಅತಿಥಿಗಳು ಮೊದಲು ಕೇಳುವುದು ವೈಫೈ. ಪ್ರತಿ ಕೋಣೆಗೂ ಬೇಕು, ಗೇಟಿಗೆ ಕ್ಯಾಮೆರಾ ಬೇಕು, ಮಾಡಿನ ಮೇಲೆ ಸೋಲಾರ್ ಬೇಕು. ಸ್ಲ್ಯಾಬ್ ಹಾಕುವಾಗಲೇ ಹೇಳಿದ್ದರೆ ಕಬ್ಬಿಣದ ಸರಳುಗಳ ನಡುವೆ ನಾಲ್ಕು ಖಾಲಿ ಪೈಪು ಮಲಗಿಸಿದ್ದರೆ ಸಾಕಿತ್ತು. ಈಗ ಕಟಿಂಗ್ ಮೆಷಿನ್ ತಂದು ಗೋಡೆ ಕೊರೆಯಬೇಕು, ಧೂಳಿಗೆ ಮಂಚ, ಹಾಸಿಗೆ ಎಲ್ಲ ಹೊರಗೆ ಸಾಗಿಸಬೇಕು, ಮತ್ತೆ ಗಾರೆ, ಪುಟ್ಟಿ, ಬಣ್ಣ. ಆ ಹೊಸ ಬಣ್ಣ ಹಳೆಯದಕ್ಕೆ ಹೊಂದುವುದಿಲ್ಲ ಎಂದು ಇಡೀ ಗೋಡೆಗೇ ಇನ್ನೊಮ್ಮೆ ಬಣ್ಣ. ನಮ್ಮ ಕಡೆಯ ಮಳೆಯಲ್ಲಿ ಹೊರಗೋಡೆಗೆ ಮಾಡಿದ ಪ್ರತಿ ತೂತೂ ಮುಂದಿನ ಜುಲೈಗೆ ಒಂದು ತೇವದ ಕಲೆಯಾಗುತ್ತದೆ. ಅದು ಇನ್ನೊಂದು ಲೆಕ್ಕ.

ಅಕೌಂಟೆನ್ಸಿ ಓದುವವರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. "ಆಮೇಲೆ ನೋಡೋಣ" ಎಂಬುದಕ್ಕೆ ಎಷ್ಟು ಖರ್ಚಾಯಿತು ಎಂದು ಯಾವ ಲೆಡ್ಜರಿನಲ್ಲೂ ಕಾಣುವುದಿಲ್ಲ. ಕಟ್ಟಡ ಬಂಡವಾಳ ವೆಚ್ಚದಲ್ಲಿ ಹೋಗುತ್ತದೆ. ಕೊರೆದದ್ದು ರಿಪೇರಿ ಎಂದು, ಬಣ್ಣ ನಿರ್ವಹಣೆ ಎಂದು, ವೈರು ಎಲೆಕ್ಟ್ರಿಕಲ್ಸ್ ಎಂದು ಬೇರೆ ಬೇರೆ ಖಾತೆಗೆ ಹಂಚಿಹೋಗುತ್ತವೆ. ಒಂದೇ ತಪ್ಪಿನ ಖರ್ಚು ನಾಲ್ಕು ಕಡೆ ಚೂರುಚೂರಾಗಿ ಬಿದ್ದಿರುವುದರಿಂದ ಯಾರಿಗೂ ಅದು ದೊಡ್ಡದೆಂದು ಅನ್ನಿಸುವುದಿಲ್ಲ. ಹೀಗಾಗಿ ಮುಂದಿನ ಕಟ್ಟಡದಲ್ಲೂ ಅದೇ ನಡೆಯುತ್ತದೆ.

ಈ ಲೆಕ್ಕವನ್ನು ಒಂದು ಗ್ರಾಫಿನಲ್ಲಿ ತೋರಿಸಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಯ್ಡ್ ಪಾಲ್ಸನ್ ಎಂಬ ಪ್ರಾಧ್ಯಾಪಕರು 1976ರಲ್ಲಿ ಇದನ್ನು ಬರೆದರು. ಆಮೇಲೆ ಪ್ಯಾಟ್ರಿಕ್ ಮ್ಯಾಕ್ಲೀಮಿ ಎಂಬ ವಾಸ್ತುಶಿಲ್ಪಿಯ ಹೆಸರಿನಿಂದ ಅದು ಇನ್ನಷ್ಟು ಪ್ರಸಿದ್ಧವಾಯಿತು. ಅಡ್ಡಗೆರೆಯಲ್ಲಿ ಸಮಯ: ಯೋಚನೆ, ನಕ್ಷೆ, ಪಾಯ, ಗೋಡೆ, ಬಣ್ಣ, ಗೃಹಪ್ರವೇಶ. ಒಂದು ರೇಖೆ ಮೇಲಿನಿಂದ ಕೆಳಗಿಳಿಯುತ್ತದೆ, ಅದು ಬದಲಾವಣೆ ಮಾಡಲು ನಮಗಿರುವ ಅವಕಾಶ. ಇನ್ನೊಂದು ಕೆಳಗಿನಿಂದ ಮೇಲೇರುತ್ತದೆ, ಅದು ಬದಲಾವಣೆಯ ಖರ್ಚು. ನೋಡಲು ನಮ್ಮ ಅರ್ಥಶಾಸ್ತ್ರದ ಬೇಡಿಕೆ ಪೂರೈಕೆ ರೇಖೆಗಳ ಹಾಗೇ ಇದೆ. ನಕ್ಷೆಯ ಮೇಲೆ ಕಂಪ್ಯೂಟರ್ ಲ್ಯಾಬಿನ ಬಾಗಿಲನ್ನು ಎಡದಿಂದ ಬಲಕ್ಕೆ ಸರಿಸಲು ಒಂದು ರಬ್ಬರು ಸಾಕು. ಲಿಂಟಲ್ ಮಟ್ಟ ಬಂದ ಮೇಲೆ ಅದೇ ಕೆಲಸಕ್ಕೆ ಸುತ್ತಿಗೆ ಬೇಕು.

ಯಾರನ್ನು ಕರೆಯಬೇಕು ಎನ್ನುವುದಕ್ಕೆ ಬರುತ್ತೇನೆ. ಕಟ್ಟಡ ಎಂದರೆ ಸಿವಿಲ್ ಎಂಜಿನಿಯರ್ ಮತ್ತು ಮೇಸ್ತ್ರಿ ಎಂದಷ್ಟೇ ನಾವು ತಿಳಿದಿರುತ್ತೇವೆ. ಕಟ್ಟಡ ನಿಲ್ಲುವಂತೆ ಮಾಡುವವರು ಅವರು. ಆದರೆ ಕಟ್ಟಡ ಕೆಲಸ ಮಾಡುವಂತೆ ಮಾಡುವವರು ಬೇರೆಯವರು: ಕಂಪ್ಯೂಟರ್ ನೆಟ್‌ವರ್ಕ್ ಬಲ್ಲವರು, ವಿದ್ಯುತ್ ಲೋಡ್ ಲೆಕ್ಕ ಹಾಕುವವರು, ಧ್ವನಿ ಮತ್ತು ಪ್ರೊಜೆಕ್ಟರ್ ವ್ಯವಸ್ಥೆಯವರು, ಕ್ಯಾಮೆರಾ, ಬೆಂಕಿಯ ಅಲಾರಂ, ಸಿಡಿಲು ರಕ್ಷಣೆ ತಿಳಿದವರು. ನಮ್ಮಲ್ಲಿ ಇವರನ್ನೆಲ್ಲ ಕರೆಯುವುದು ಉದ್ಘಾಟನೆಗೆ ಹದಿನೈದು ದಿನ ಇರುವಾಗ. ಆಗ ಅವರಿಗೆ ಉಳಿದಿರುವುದು ಗೋಡೆಯ ಮೇಲೆ ವೈರು ಎಳೆದು ಬಿಳಿ ಪ್ಲಾಸ್ಟಿಕ್ ಪಟ್ಟಿಯಿಂದ ಮುಚ್ಚುವುದು ಮಾತ್ರ.

ಮೊದಲು ಕರೆಯುವುದಕ್ಕೂ ಆಮೇಲೆ ಕರೆಯುವುದಕ್ಕೂ ಇರುವ ವ್ಯತ್ಯಾಸಕ್ಕೆ ನಾನು ಓದಿದ ಅತ್ಯುತ್ತಮ ಉದಾಹರಣೆ ವಾಲೇಸ್ ಸೇಬೈನ್ ಅವರದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಫಾಗ್ ಕಲಾ ಸಂಗ್ರಹಾಲಯ ಎಂಬ ಹೊಸ ಕಟ್ಟಡ ಕಟ್ಟಿಸಿತ್ತು. ಅದರ ಉಪನ್ಯಾಸ ಕೊಠಡಿಯಲ್ಲಿ ಪಾಠ ಮಾಡಿದರೆ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಹೊರಟ ಸದ್ದು ಐದೂವರೆ ಸೆಕೆಂಡಿನಷ್ಟು ಹೊತ್ತು ಕೊಠಡಿಯಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಇನ್ನೂ ಹತ್ತು ಪದ ಹೇಳಿಬಿಟ್ಟಿರುತ್ತಿದ್ದರು, ಎಲ್ಲವೂ ಒಂದರ ಮೇಲೊಂದು. ಇಪ್ಪತ್ತೇಳು ವರ್ಷದ ಭೌತಶಾಸ್ತ್ರ ಅಧ್ಯಾಪಕ ಸೇಬೈನ್ ಅವರಿಗೆ ಇದನ್ನು ಸರಿಮಾಡಲು ಹೇಳಿದರು. ಅವರು ರಾತ್ರಿ ಹೊತ್ತು, ಊರೆಲ್ಲ ಮಲಗಿದ ಮೇಲೆ, ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ದಿಂಬುಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಜೋಡಿಸಿ, ಆರ್ಗನ್ ಕೊಳವೆ ಊದಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕೆಂದು ಅಳೆದರು. ಬೆಳಗಾಗುವುದರೊಳಗೆ ದಿಂಬುಗಳನ್ನು ವಾಪಸ್ ಇಡಬೇಕು. ಹೀಗೆ ಎರಡು ಮೂರು ವರ್ಷ. ಕೊನೆಗೆ ಅವರಿಗೆ ಸಿಕ್ಕ ಸೂತ್ರ ಸರಳ: ಕೊಠಡಿ ದೊಡ್ಡದಾದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ, ಸದ್ದನ್ನು ಹೀರುವ ವಸ್ತು ಹೆಚ್ಚಾದಷ್ಟೂ ಕಡಿಮೆ ಹೊತ್ತು.

ಸೂತ್ರ ಸಿಕ್ಕಿತು, ಆದರೆ ಆ ಕೊಠಡಿಯ ಆಕಾರ ಬದಲಾಯಿಸಲು ಆಗುವಂತಿರಲಿಲ್ಲ. ಗೋಡೆಗೆ ದಪ್ಪ ಉಣ್ಣೆಯ ಬಟ್ಟೆ ಹೊಡೆಸಿ ಪಾಠ ನಡೆಸುವಷ್ಟು ಮಾಡಿದರು. ಅದೇ ಹೊತ್ತಿಗೆ ಬಾಸ್ಟನ್ ನಗರದಲ್ಲಿ ದೊಡ್ಡ ಸಂಗೀತ ಸಭಾಂಗಣ ಕಟ್ಟಿಸಬೇಕೆಂದಿದ್ದರು. ಅವರು ಸೇಬೈನ್ ಅವರನ್ನು ಪಾಯ ತೋಡುವ ಮೊದಲೇ ಕರೆದರು. ಎತ್ತರ ಎಷ್ಟು, ಉದ್ದ ಎಷ್ಟು, ಗೋಡೆ ಯಾವುದರದು ಎಂದು ಲೆಕ್ಕ ಹಾಕಿಯೇ ಕಟ್ಟಿದರು. 1900ರಲ್ಲಿ ತೆರೆದ ಆ ಬಾಸ್ಟನ್ ಸಿಂಫನಿ ಹಾಲ್ ಇಂದಿಗೂ ಜಗತ್ತಿನ ಉತ್ತಮ ಸಂಗೀತ ಸಭಾಂಗಣಗಳಲ್ಲಿ ಒಂದು. ಮನುಷ್ಯ ಅವನೇ, ವಿದ್ಯೆ ಅದೇ. ಒಂದು ಕಡೆ ತೇಪೆ ಹಾಕಲು ಕರೆದರು, ಇನ್ನೊಂದು ಕಡೆ ಬಟ್ಟೆ ಕತ್ತರಿಸುವ ಮೊದಲೇ ಕರೆದರು.

ನಮ್ಮ ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತೂ ಸುತ್ತಿಬಂದು ಮತ್ತೆ ಮತ್ತೆ ಕೇಳಿಸುತ್ತದೆ. ಪ್ರವಾಸಕ್ಕೆ ಹೋದಾಗ ಅದು ಸೋಜಿಗ. ಅಲ್ಲಿ ಸಂಖ್ಯಾಶಾಸ್ತ್ರದ ಪಾಠ ಮಾಡಿದರೆ ಗೊತ್ತಾಗುತ್ತದೆ ಕಷ್ಟ. ನಾನು ನಿಕಾಹ್‌ಗೆಂದು ಹೋಗಿದ್ದ ಒಂದು ಶಾದಿ ಮಹಲಿನಲ್ಲಿ ಹೀಗೇ ಆಯಿತು. ಎತ್ತರದ ಚಾವಣಿ, ನೆಲಕ್ಕೆ ಹೊಳೆಯುವ ಗ್ರಾನೈಟ್, ಸುತ್ತ ಗಾಜು. ಖಾಜಿ ಸಾಹೇಬರು ಓದಿದ ಖುತ್ಬಾ ಎರಡನೇ ಸಾಲಿನ ಆಚೆಗೆ ಬರೀ ಗುಂಯ್ ಎನ್ನುವ ಸದ್ದು. ಮೈಕಿನವನು ವಾಲ್ಯೂಮ್ ಏರಿಸಿದ, ಗುಂಯ್ ಎನ್ನುವುದೂ ಏರಿತು. ಸ್ಪೀಕರ್ ಬದಲಾಯಿಸಿ ಪ್ರಯೋಜನವಿಲ್ಲ, ತೊಂದರೆ ಇರುವುದು ಚಾವಣಿಯಲ್ಲಿ.

ತಜ್ಞರನ್ನು ಮೊದಲೇ ಕೂರಿಸಿಕೊಳ್ಳುವುದು ವಿದೇಶದ ಹೊಸ ಫ್ಯಾಷನ್ ಎಂದುಕೊಳ್ಳಬೇಕಿಲ್ಲ. ಸಕಲೇಶಪುರದಿಂದ ಮಂಗಳೂರು ರಸ್ತೆಯಲ್ಲಿ ಹೋಗುವಾಗ ಸಿಗುವ ಮಂಜರಾಬಾದ್ ಕೋಟೆಯನ್ನು ನಾವೆಲ್ಲ ನೋಡಿದ್ದೇವೆ, ಹೆಚ್ಚಿನವರು ಸೆಲ್ಫಿಗಾಗಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರವಿದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಫಿರಂಗಿ ಬಂದ ಮೇಲೆ ಹಳೆಯ ಕಾಲದ ನೆಟ್ಟಗಿನ ಎತ್ತರದ ಗೋಡೆ ಸುಲಭದ ಗುರಿಯಾಯಿತು. ದುಂಡು ಬುರುಜಿನ ಬುಡದಲ್ಲಿ ಕಾವಲಿನವರಿಗೆ ಕಾಣದ ಜಾಗವೂ ಉಳಿಯುತ್ತಿತ್ತು. ಗೋಡೆಯನ್ನು ಕೋನಕೋನವಾಗಿ ಮಡಚಿದರೆ ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆಯಿಂದ ಕಾಯಬಹುದು. ಈ ವಿದ್ಯೆಯನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ವೊಬಾನ್ ಎಂಬ ಸೇನಾ ಎಂಜಿನಿಯರ್ ಬಹಳ ಮುಂದಕ್ಕೆ ಒಯ್ದಿದ್ದರು. ಟಿಪ್ಪುವಿನ ಬಳಿ ಫ್ರೆಂಚರಿದ್ದರು, ಅವರ ನೆರವಿನಿಂದಲೇ ಈ ಕೋಟೆ ಆಯಿತೆಂದು ಹೇಳುತ್ತಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಚೌಕಾಕಾರದ ಕೋಟೆ ಕಟ್ಟಿ ಮುಗಿಸಿ, ಆಮೇಲೆ ಫಿರಂಗಿ ಬಲ್ಲವರನ್ನು ಕರೆದು "ಇದನ್ನು ಸ್ವಲ್ಪ ನಕ್ಷತ್ರ ಮಾಡಿಕೊಡಿ" ಎಂದು ಕೇಳಲಾಗುವುದಿಲ್ಲ.

ಇಲ್ಲಿ ಒಬ್ಬ ಗೆಳೆಯ ನನಗೆ ಹಾಕಿದ ಪ್ರಶ್ನೆ ನ್ಯಾಯವಾದದ್ದು. "ಕೋಟೆ ನೂರಾರು ವರ್ಷ ಇರುತ್ತದೆ ಸರಿ, ಆದರೆ ಕಂಪ್ಯೂಟರ್ ಐದು ವರ್ಷಕ್ಕೆ ಹಳತಾಗುತ್ತದೆ. ಈಗಲೇ ಕರೆದು ಕೇಳಿದರೆ ಕಟ್ಟಡ ಮುಗಿಯುವ ಹೊತ್ತಿಗೆ ಅವರು ಹೇಳಿದ್ದೆಲ್ಲ ಹಳೆಯದಾಗಿರುತ್ತದಲ್ಲ?"

ಇದಕ್ಕೆ ಉತ್ತರ ನಮ್ಮ ಘಾಟಿಯ ರೈಲು ದಾರಿಯಲ್ಲೇ ಇದೆ. ಅದು ಕಟ್ಟಡವಲ್ಲ, ಆದರೂ ಪಾಠ ಅದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ದಾರಿಯ ಏರು 50ಕ್ಕೆ 1ರಷ್ಟು ಕಡಿದು. 1979ರಲ್ಲಿ ಇದು ಮೀಟರ್ ಗೇಜ್ ಆಗಿ ಶುರುವಾಯಿತು. ಬ್ರಾಡ್ ಗೇಜ್ ಮಾಡಲು ವರ್ಷಗಟ್ಟಲೆ ರೈಲು ನಿಲ್ಲಿಸಿ, 2007ರ ಡಿಸೆಂಬರಿನಲ್ಲಿ ಮತ್ತೆ ಪ್ರಯಾಣಿಕರ ರೈಲು ಬಿಟ್ಟರು. ಆಮೇಲೆ ವಿದ್ಯುತ್ ರೈಲಿನ ಕಾಲ ಬಂತು. 25,000 ವೋಲ್ಟಿನ ತಂತಿಯನ್ನು ಸುರಂಗದ ಚಾವಣಿಗೆ ತಾಗದ ಹಾಗೆ, ರೈಲಿಗೂ ತಾಗದ ಹಾಗೆ ಎಳೆಯಬೇಕು. ತಂತಿ ಹಿಡಿಯುವ ಬ್ರಾಕೆಟ್ಟುಗಳನ್ನು ಬಂಡೆಗೆ ಕೂರಿಸಿ, ಬಂಡೆ ಭಾರ ತಡೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಸುತ್ತ ಕಾಡು, ಮಳೆ, ಗುಡ್ಡ ಕುಸಿತ. ಹಾಸನದ ಕಡೆಯೂ ಮಂಗಳೂರಿನ ಕಡೆಯೂ ತಂತಿ ಬಂದ ಮೇಲೂ ನಡುವಿನ ಈ ತುಂಡು ಕೊನೆಯವರೆಗೆ ಉಳಿದಿತ್ತು. 2025ರ ಕೊನೆಯಲ್ಲಿ ಮುಗಿಯಿತು. 1970ರ ದಶಕದಲ್ಲಿ ಸುರಂಗ ಕೊರೆದವರನ್ನು ದೂರುವುದು ಸರಿಯಲ್ಲ, ಅಂದಿನ ದುಡ್ಡು ಮತ್ತು ಅಂದಿನ ಅಗತ್ಯ ಅಷ್ಟೇ ಇತ್ತು. ಆದರೆ ಅವರ ಕೆಲಸ ನೋಡಿ ನಾವು ಒಂದು ಕಲಿಯಬಹುದು. ಮುಂದೆ ಯಾವ ಎಂಜಿನ್ ಬರುತ್ತದೆಂದು ಹೇಳಲಾಗದಿದ್ದರೂ ಅದಕ್ಕೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಕೇಳಬಹುದು.

ಕಟ್ಟಡಕ್ಕೂ ಹೀಗೇ. ಉಪಕರಣ ಕೊನೆಗೆ ಕೊಳ್ಳಿ, ಅದರ ದಾರಿಯನ್ನು ಮೊದಲೇ ಬಿಡಿ. ಯಾವ ಕಂಪನಿಯ ರೂಟರ್ ಎಂದು ಈಗ ತೀರ್ಮಾನಿಸಬೇಕಿಲ್ಲ. ಆದರೆ ಕೆಳಗಿನಿಂದ ಮೇಲಿನವರೆಗೆ ವೈರು ಹೋಗುವ ಒಂದು ಕೊಳವೆ, ಮಹಡಿಗೊಂದು ಸಣ್ಣ ಬೀಗದ ಕಪಾಟು, ಚಾವಣಿಯಲ್ಲಿ ಖಾಲಿ ಪೈಪು, ಇವು ಯಾವ ಕಂಪನಿ ಬಂದರೂ ಬೇಕು. ಖಾಲಿ ಪೈಪು ಹಳತಾಗುವುದಿಲ್ಲ.

ಕೆಲವೊಮ್ಮೆ ಖಾಲಿ ಪೈಪೂ ಸಾಲದು, ತಜ್ಞರ ಇಡೀ ಯಂತ್ರವೇ ಸ್ಲ್ಯಾಬಿನೊಳಗೆ ಕೂರುತ್ತದೆ. ಬೆಂಗಳೂರಿನ ಇನ್ಫೋಸಿಸ್ ತನ್ನ ಹೈದರಾಬಾದ್ ಕ್ಯಾಂಪಸ್ಸಿನಲ್ಲಿ 2011ರ ಹೊತ್ತಿಗೆ ಒಂದು ಕಟ್ಟಡವನ್ನು ಒಂದೇ ಬಗೆಯ ಎರಡು ಭಾಗಗಳಾಗಿ ಕಟ್ಟಿತು. ಒಂದರಲ್ಲಿ ಸಾಮಾನ್ಯವಾದ, ಆದರೆ ಒಳ್ಳೆಯ ದರ್ಜೆಯ ಏಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಚಾವಣಿಯೊಳಗೇ ಪೈಪು ಹುದುಗಿಸಿ ತಣ್ಣೀರು ಹರಿಸಿದರು, ಚಾವಣಿಯೇ ತಂಪಾಗಿ ಕೋಣೆಯನ್ನು ತಂಪಾಗಿಸುತ್ತದೆ. ಎರಡರ ಕರೆಂಟನ್ನೂ ಬೇರೆ ಬೇರೆ ಅಳೆದರು. ತಣ್ಣೀರಿನ ಭಾಗದಲ್ಲಿ ತಂಪು ಮಾಡಲು ತಗುಲಿದ ವಿದ್ಯುತ್ ಸುಮಾರು ಮೂರನೇ ಒಂದು ಭಾಗ ಕಡಿಮೆ. ಕಟ್ಟುವ ಖರ್ಚೂ ಹೆಚ್ಚಾಗಲಿಲ್ಲ. ಏಸಿ ಎಂಜಿನಿಯರನ್ನು ಸ್ಲ್ಯಾಬ್ ಒಣಗಿದ ಮೇಲೆ ಕರೆದಿದ್ದರೆ ಈ ಉಪಾಯದ ಬಾಗಿಲೇ ಮುಚ್ಚಿರುತ್ತಿತ್ತು. ನಮ್ಮ ಚಳಿಯ ಊರಿಗೆ ಏಸಿ ಬೇಡ, ಅದು ಬೇರೆ ಮಾತು.

ಸರ್ಕಾರದ ಕಡೆಯಿಂದಲೂ ಇದಕ್ಕೆ ಆಧಾರವಿದೆ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 2005ರ ಪರಿಷ್ಕರಣೆಯಲ್ಲಿ ಎಲ್ಲ ಬಗೆಯ ತಜ್ಞರೂ ಶುರುವಿನಿಂದ ಒಟ್ಟಿಗೆ ಕೆಲಸ ಮಾಡಬೇಕೆಂಬ ಒಂದು ಭಾಗವನ್ನು ಎಲ್ಲದಕ್ಕೂ ಮೊದಲು, ಸೊನ್ನೆಯ ಸಂಖ್ಯೆ ಕೊಟ್ಟು ಸೇರಿಸಿದರು. 2016ರಲ್ಲಿ ಮಾಹಿತಿ ಮತ್ತು ಸಂಪರ್ಕ ವ್ಯವಸ್ಥೆಗೇ ಒಂದು ಪ್ರತ್ಯೇಕ ವಿಭಾಗ ಬಂತು. ನೀರು, ಕರೆಂಟು, ಲಿಫ್ಟಿನ ಸಾಲಿನಲ್ಲಿ ಇಂಟರ್ನೆಟ್ ವೈರೂ ಈಗ ಕಟ್ಟಡದ ಅಂಗ.

ಈಗ ನಮ್ಮ ಬ್ಲಾಕಿಗೆ ಬರೋಣ. ಮಾಮು, ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ಇಬ್ಬರನ್ನೂ ಕೇಳಿ ಬರೆದುಕೊಂಡದ್ದು ಇದು. ಸಾಮಾನ್ಯ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರಿನವರೆಗೆ ಮಾತ್ರ ಭರವಸೆಯಿಂದ ಕೆಲಸ ಮಾಡುತ್ತದೆ. ಹಳೆಯ ಆಫೀಸಿನಿಂದ ಹೊಸ ಲ್ಯಾಬಿಗೆ ಮೈದಾನ ಸುತ್ತಿ ಬಂದರೆ ಅದು ಮೀರುತ್ತದೆ. ಅಲ್ಲಿಗೆ ಫೈಬರ್ ಬೇಕು. ಫೈಬರಿನಿಂದ ಇನ್ನೊಂದು ಲಾಭ, ನಮ್ಮ ಕಡೆ ಅದೇ ದೊಡ್ಡದು: ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಎರಡು ಕಟ್ಟಡಗಳ ನಡುವೆ ಎಳೆದ ತಾಮ್ರದ ವೈರು ದಾರಿಯಾಗುತ್ತದೆ. ಒಂದು ಹೊಡೆತಕ್ಕೆ ಎರಡೂ ಕಡೆಯ ಕಂಪ್ಯೂಟರ್ ಸುಡಬಹುದು. ಫೈಬರ್ ಒಳಗೆ ಇರುವುದು ಗಾಜು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಅದನ್ನು ಹಾಕಲು ಮೈದಾನ ಅಗೆಯಬೇಕು. ಪಾಯ ತೋಡಲು ಜೆಸಿಬಿ ಬಂದ ದಿನವೇ ಆ ಕಾಲುವೆಯನ್ನೂ ತೋಡಿಸಿದರೆ ಇನ್ನೊಮ್ಮೆ ಬಾಡಿಗೆ ಕೊಡುವುದು ತಪ್ಪುತ್ತದೆ. ಅರ್ಥಿಂಗ್ ಗುಂಡಿಯೂ ಅಂದೇ. ಕರೆಂಟಿನ ವೈರು ಮತ್ತು ನೆಟ್‌ವರ್ಕ್ ವೈರು ಒಂದೇ ಪೈಪಿನಲ್ಲಿ ಹೋಗಬಾರದು. ಅದು ಅಪಾಯ, ಸಿಗ್ನಲ್ಲಿಗೂ ತೊಂದರೆ. ಹಾಗಾಗಿ ಪೈಪಿನ ಲೆಕ್ಕ ಎರಡು ಪಟ್ಟು.

ಮೇಲಿನ ಸಭಾಂಗಣಕ್ಕೆ ಶೀಟ್ ಮಾಡು ಎಂದು ನಕ್ಷೆಯಲ್ಲಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಶೀಟಿನ ಕೆಳಗೆ ಕೂತವರಿಗೆ ಗೊತ್ತು, ಮಳೆ ಜೋರಾದರೆ ಉಪನ್ಯಾಸಕರ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ನಮ್ಮ ಪಾಠದ ಅರ್ಧ ಇರುವುದೇ ಆ ತಿಂಗಳುಗಳಲ್ಲಿ. ಶೀಟ್ ಹಾಕುವಾಗಲೇ ಕೆಳಗೆ ಸದ್ದು ತಡೆಯುವ ಪದರ ಕೊಡಬಹುದು ಅಥವಾ ಸಭಾಂಗಣವನ್ನು ಕೆಳಗಿಳಿಸಿ ಲೈಬ್ರರಿಯನ್ನು ಮೇಲೆ ಒಯ್ಯಬಹುದು. ಎರಡನೆಯದಕ್ಕೆ ಈಗ ಖರ್ಚು ಸೊನ್ನೆ. ಆದರೆ ಪುಸ್ತಕದ ಭಾರ ಹೆಚ್ಚು, ಅದಕ್ಕೆ ಪಿಲ್ಲರ್ ಸಾಕೇ ಎಂದು ಸಿವಿಲ್ ಎಂಜಿನಿಯರನ್ನೇ ಕೇಳಬೇಕು. ತಜ್ಞರು ಒಂದೇ ಮೇಜಿನ ಸುತ್ತ ಕೂರಬೇಕು ಎನ್ನುವುದು ಇದಕ್ಕೇ. ಒಬ್ಬರ ಪರಿಹಾರ ಇನ್ನೊಬ್ಬರ ಸಮಸ್ಯೆ.

ತಜ್ಞರನ್ನು ಕರೆದರೆ ಫೀಸು ಕೊಡಬೇಕಲ್ಲ ಎನ್ನುವವರಿಗೆ ಒಂದು ಮಾತು. ಅಂಗಡಿಯವರು ಬಿಟ್ಟಿ ಸಲಹೆ ಕೊಡುತ್ತಾರೆ, ಆದರೆ ಅವರ ಸಲಹೆ ಸಾಮಾನ್ಯವಾಗಿ ಅವರ ಅಂಗಡಿಯಲ್ಲಿರುವ ಮಾಲಿನ ಕಡೆಗೇ ವಾಲುತ್ತದೆ. ಅರ್ಧ ದಿನದ ಫೀಸು ಕೊಟ್ಟು ಮಾಲು ಮಾರದವರನ್ನು ಕೇಳುವುದು ಒಳ್ಳೆಯದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಅಣ್ಣಂದಿರಿದ್ದಾರೆ, ರಜೆಗೆ ಊರಿಗೆ ಬರುತ್ತಾರೆ. ಈ ಕಟ್ಟಡದ ದುಡ್ಡು ಬಂದಿರುವುದು ಜನರ ಚಂದಾದಿಂದ, ಅದರಲ್ಲಿ ತೋಟದ ಕೂಲಿಯವರ ನೂರು ರೂಪಾಯಿಯೂ ಇದೆ. ಅದು ಕಮಿಟಿಯ ಕೈಯಲ್ಲಿರುವ ಅಮಾನತ್ತು. ಎರಡೆರಡು ಸಲ ಗೋಡೆ ಕಟ್ಟಲು ಕೊಟ್ಟದ್ದಲ್ಲ.

ಕೊನೆಗೆ ಮಾಮು ಬರೆಯಲೇಬೇಕೆಂದು ಹೇಳಿದ ಒಂದು ಸಣ್ಣ ಕೆಲಸ. ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಹಿಂದಿನ ಸಂಜೆ, ಪೈಪುಗಳನ್ನೆಲ್ಲ ಸರಳಿಗೆ ಕಟ್ಟಿ ಮುಗಿದ ಮೇಲೆ, ಪಕ್ಕದಲ್ಲಿ ಅಳತೆಯ ಟೇಪು ಬಿಚ್ಚಿಟ್ಟು ಪ್ರತಿ ಕೋಣೆಯ ಫೋಟೋ ತೆಗೆದು ಆಫೀಸಿನ ಫೈಲಿನಲ್ಲಿ ಇಡಬೇಕು. ಹತ್ತು ವರ್ಷದ ನಂತರ ಫ್ಯಾನಿಗೆಂದು ಚಾವಣಿಗೆ ಡ್ರಿಲ್ ಇಡುವವನಿಗೆ ಒಳಗೆ ಪೈಪು ಎಲ್ಲಿದೆ ಎಂದು ಆ ಫೋಟೋದಿಂದ ಗೊತ್ತಾಗುತ್ತದೆ. ಫೋನು ಎಲ್ಲರ ಹತ್ತಿರವೂ ಇದೆ, ಟೇಪನ್ನು ಅಬ್ಬಾ ತರುತ್ತಾರೆ.